ಪಗಾರ ನಮ್ಮದು, ಕೆಲಸ ವರ್ಡ್‌ಪ್ರೆಸ್‌ದು: ಸಣ್ಣ ಕಂಪನಿಗೊಂದು ಕೈಪಿಡಿ

ಕಂಪನಿಯ ಪಗಾರ ತೆಗೆದುಕೊಳ್ಳುವ ಒಬ್ಬರನ್ನು ವಾರಕ್ಕಿಷ್ಟು ಗಂಟೆ ಅಂತ, ವೆಬ್‌ಸೈಟ್ ನಡೆಸಲು ಬಳಸುವ ಮುಕ್ತ ತಂತ್ರಾಂಶವಾದ ವರ್ಡ್‌ಪ್ರೆಸ್ ಕಟ್ಟುವ ಕೆಲಸಕ್ಕೆ ಬಿಟ್ಟುಕೊಡುವುದು ದೊಡ್ಡ ಕಂಪನಿಗಳ ಶೋಕಿ ಅಂತ ನಮ್ಮ ಕಡೆ ಬಹಳ ಮಂದಿ ತಿಳಿದಿದ್ದಾರೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮಹಡಿ ಮೇಲಿನ ಎರಡು ಕೋಣೆಯಲ್ಲಿ ಗಿರಾಕಿಗಳಿಗೆ ಸೈಟು ಮಾಡಿಕೊಡುವ ನಮ್ಮಂಥ ಕಂಪನಿಯೂ ಇದನ್ನು ಮಾಡಬಹುದು, ಮಾಡುತ್ತಿದ್ದೇವೆ. ನಾನಿಲ್ಲಿ ಪ್ರಾಜೆಕ್ಟುಗಳ ಉಸ್ತುವಾರಿ ನೋಡುತ್ತೇನೆ. ಯಾರ ಗಂಟೆ ಯಾವ ಗಿರಾಕಿಯ ಲೆಕ್ಕಕ್ಕೆ ಅಂತ ಬರೆದಿಡುವವಳೂ ನಾನೇ. ಹಾಗಾಗಿ ಮುಂದೆ ಹೇಳುವುದರಲ್ಲಿ ಆದರ್ಶ ಕಡಿಮೆ, ಟೈಮ್‌ಶೀಟ್ ಜಾಸ್ತಿ.

ಮಾಲೀಕರನ್ನು ಒಪ್ಪಿಸುವುದು ಮೊದಲ ಕೆಲಸ. ನಮ್ಮವರು ಕೇಳಿದ್ದು ಹೀಗೆ: “ಅಲ್ರೀ, ಪಗಾರ ನಾವ ಕೊಡೂದು, ಕೆಲಸ ಊರ ಮಂದೀದು ಮಾಡೂದು. ಇದೆಂಥಾ ವ್ಯವಹಾರ್ರೀ?” ಇಂಥ ಪ್ರಶ್ನೆಗೆ ಸಮಾಜಸೇವೆಯ ಭಾಷಣ ಮಾಡಬೇಡಿ, ಗಿರಾಕಿಗಳ ಪಟ್ಟಿ ಮುಂದಿಡಿ. ನಮ್ಮ ಪಟ್ಟಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನು ಆನ್‌ಲೈನಿನಲ್ಲಿ ಮಾರುವವರಿದ್ದಾರೆ, ಕಾಲೇಜುಗಳಿವೆ, ಬೀಜ-ಗೊಬ್ಬರದ ಅಂಗಡಿ ಇದೆ, ಕಲ್ಯಾಣ ಮಂಟಪ ಇದೆ. ಎಲ್ಲರ ಸೈಟೂ ವರ್ಡ್‌ಪ್ರೆಸ್. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಇಬ್ಬರೂ ಸೇರಿ, ಕೈಬಿಟ್ಟಂತಿದ್ದ ಬಿ2 ಎಂಬ ತಂತ್ರಾಂಶದಿಂದ ಕವಲೊಡೆಸಿ ಬೆಳೆಸಿದ್ದು ಇದು. ಇವತ್ತು ಜಗತ್ತಿನ ಸೈಟುಗಳಲ್ಲಿ ಶೇ 40ಕ್ಕೂ ಹೆಚ್ಚು ಇದರ ಮೇಲೆ ನಿಂತಿವೆ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು ಎನ್ನುವ ಜಿಪಿಎಲ್ ಲೈಸೆನ್ಸ್ ಆದ್ದರಿಂದ ನಾವು ಇದಕ್ಕೆ ಒಂದು ಪೈಸೆ ಫೀ ಕಟ್ಟಿಲ್ಲ. ಆದರೆ ಒಂದು ಅಪ್‌ಡೇಟ್ ಎಡವಟ್ಟಾದ ದಿನ ಎಲ್ಲ ಗಿರಾಕಿಗಳ ಫೋನೂ ಒಟ್ಟಿಗೇ ಬರುತ್ತದೆ, ಆ ದಿನದ ದುಡಿಮೆಗೆ ಯಾರೂ ಬಿಲ್ ಕಟ್ಟುವುದಿಲ್ಲ. ಅದೇ ಎಡವಟ್ಟನ್ನು ಬಿಡುಗಡೆಗೆ ಮುಂಚಿನ ಬೀಟಾದಲ್ಲೇ ನಮ್ಮವರೊಬ್ಬರು ಹಿಡಿದರೆ ಅಷ್ಟು ಫೋನು ಉಳಿದಂತೆ. ನಮ್ಮ ಮಾಲೀಕರು ಒಕ್ಕಲುತನದ ಮನೆಯವರು. ಇಷ್ಟು ಕೇಳಿ, “ಅಂದ್ರ ಮುಯ್ಯಾಳ ಇದ್ದಂಗ ಅನ್ರಿ. ಇವತ್ತ ಅವರ ಹೊಲಕ್ಕ ನಾವು, ನಾಳೆ ನಮ್ಮ ಹೊಲಕ್ಕ ಅವರು” ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಎಷ್ಟು ಗಂಟೆ

2014ರಲ್ಲಿ ಮುಲೆನ್‌ವೆಗ್ ಒಂದು ಸಲಹೆ ಇಟ್ಟರು. ವರ್ಡ್‌ಪ್ರೆಸ್‌ನಿಂದ ಹೊಟ್ಟೆ ಹೊರೆಯುವ ಕಂಪನಿ ತನ್ನ ಬಲದಲ್ಲಿ ಶೇ 5ರಷ್ಟನ್ನು ವರ್ಡ್‌ಪ್ರೆಸ್‌ಗೇ ಮೀಸಲಿಡಬೇಕು ಎಂಬುದು ಅದರ ತಿರುಳು. ‘ಫೈವ್ ಫಾರ್ ದ ಫ್ಯೂಚರ್’ ಎಂಬ ಹೆಸರಿನಲ್ಲಿ ಅದೀಗ ಅಧಿಕೃತ ಕಾರ್ಯಕ್ರಮವೇ ಆಗಿದೆ. ಶೇ 5 ಅಂದರೆ 20 ಜನರ ಕಂಪನಿಯಲ್ಲಿ ಒಬ್ಬರ ಪೂರಾ ಕೆಲಸ. ತಲೆಗೆ ಹಂಚಿದರೆ 40 ಗಂಟೆಯ ವಾರದಲ್ಲಿ ಎರಡೆರಡು ಗಂಟೆ.

ನನ್ನ ಪ್ರಕಾರ ಸಣ್ಣ ಕಂಪನಿಗೆ ಈ ಎರಡು ಲೆಕ್ಕವೂ ಬೇಡ. ಇಡೀ ಒಬ್ಬರನ್ನು ಬಿಟ್ಟುಕೊಡುವಷ್ಟು ಕೈ ನಮ್ಮಲ್ಲಿರುವುದಿಲ್ಲ. ಎಲ್ಲರಿಗೂ ಎರಡೆರಡು ಗಂಟೆ ಹಂಚಿದರೆ, ಹೋದ ವಾರ ಎಲ್ಲಿಗೆ ಬಿಟ್ಟಿದ್ದೆ ಅಂತ ನೆನಪು ಮಾಡಿಕೊಳ್ಳುವುದರಲ್ಲೇ ಒಂದು ಗಂಟೆ ಮುಗಿದು, ಇನ್ನೊಂದರಲ್ಲಿ ಚಹಾ ಆಗುತ್ತದೆ. ಒಬ್ಬರನ್ನು ಆರಿಸಿ. ವಾರಕ್ಕೆ ಅರ್ಧ ದಿನ ಕೊಡಿ, ಅದನ್ನೂ ಒಂದೇ ಏಟಿಗೆ ಕೊಡಿ.

ಆ ಅರ್ಧ ದಿನ ಶುಕ್ರವಾರ ಮಧ್ಯಾಹ್ನ ಆಗಬಾರದು. ಎಲ್ಲರಿಗೂ ಮೊದಲು ಹೊಳೆಯುವುದು ಅದೇ, ಕೆಲಸ ಸಡಿಲ ಇರುತ್ತದೆ ಅಂತ. ನಿಜವಾಗಿ ವಾರವಿಡೀ ಮುಗಿಯದೇ ಉಳಿದದ್ದೆಲ್ಲ ಬಂದು ಬೀಳುವುದು ಶುಕ್ರವಾರವೇ. “ಇದೊಂದು ಬ್ಯಾನರ್ ಬದಲಿ ಮಾಡಿಬಿಡವಾ” ಅಂತ ಶುರುವಾದದ್ದು ರಾತ್ರಿ ಎಂಟಕ್ಕೆ ಹೋಗಿ ನಿಲ್ಲುತ್ತದೆ. ನಾವು ಮಂಗಳವಾರ ಬೆಳಗ್ಗೆ ಇಟ್ಟಿದ್ದೇವೆ. ಸೋಮವಾರದ ಗಿರಾಕಿ ಕೂಗಾಟ ಇಳಿದಿರುತ್ತದೆ, ತಲೆಯೂ ಹಸನಾಗಿರುತ್ತದೆ. ಕ್ಯಾಲೆಂಡರಿನಲ್ಲಿ ಅದನ್ನು ಗಿರಾಕಿ ಮೀಟಿಂಗ್ ಇದ್ದ ಹಾಗೆಯೇ ಬ್ಲಾಕ್ ಮಾಡಿ. ಆ ಹೊತ್ತಿನಲ್ಲಿ ನಾವು ಆರಿಸಿದ ಹುಡುಗಿಗೆ ಬೇರೆ ಕೆಲಸ ಹೇಳಬೇಕಾದರೆ ನನ್ನನ್ನು ಕೇಳಬೇಕು, ನಾನು ಬಹುತೇಕ ಆಗುವುದಿಲ್ಲ ಅನ್ನುತ್ತೇನೆ. ಸ್ಪಾನ್ಸರ್‌ಶಿಪ್ ಅಂದರೆ ಉಸ್ತುವಾರಿಯವಳು ಈ ‘ಆಗುವುದಿಲ್ಲ’ವನ್ನು ಹೇಳುವುದೇ. ಪಗಾರ ಹೇಗೂ ಹೋಗುತ್ತಿತ್ತು.

ಎಷ್ಟು ಗಂಟೆ ಅಂತ ನಿಗದಿ ಮಾಡುವಾಗ ಸುಗ್ಗಿಯ ವಾರವನ್ನು ಕಣ್ಣ ಮುಂದಿಟ್ಟುಕೊಳ್ಳಿ. ನಮಗೆ ಅದು ಕಾಲೇಜು ಪ್ರವೇಶದ ಜೂನ್ ಮತ್ತು ದೀಪಾವಳಿಯ ಹಿಂದಿನ ವಾರ. ಆ ವಾರದಲ್ಲೂ ಎಷ್ಟು ಬಿಟ್ಟುಕೊಡಬಲ್ಲಿರೋ ಅಷ್ಟನ್ನೇ ಬರೆದುಕೊಡಿ. ಸುಮ್ಮನಿರುವ ಆಗಸ್ಟ್ ನೋಡಿ ಹತ್ತು ಗಂಟೆ ಅಂತ ಬರೆದು, ಅಕ್ಟೋಬರಿನಲ್ಲಿ ಸೊನ್ನೆ ಮಾಡುವುದಕ್ಕಿಂತ ವರ್ಷವಿಡೀ ನಾಲ್ಕು ಗಂಟೆ ಮೇಲು.

ಕೊಟ್ಟ ಗಂಟೆ ಹಿಂದೆ ಸರಿದರೆ ಏನಾಗುತ್ತದೆ ಅನ್ನುವುದನ್ನು ಇಡೀ ವರ್ಡ್‌ಪ್ರೆಸ್ ಲೋಕ ಈಚೆಗೇ ನೋಡಿದೆ. 2024ರ ಸೆಪ್ಟೆಂಬರಿನಲ್ಲಿ ಮುಲೆನ್‌ವೆಗ್, ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿ ವರ್ಡ್‌ಪ್ರೆಸ್‌ನಿಂದ ಗಳಿಸುವಷ್ಟು ವಾಪಸ್ ಕೊಡುತ್ತಿಲ್ಲ ಅಂತ ಬಹಿರಂಗವಾಗಿ ಜಗಳ ತೆಗೆದರು. ಅಕ್ಟೋಬರಿನಲ್ಲಿ ಆ ಕಂಪನಿ ಕೋರ್ಟಿಗೆ ಹೋಯಿತು. 2025ರ ಜನವರಿಯಲ್ಲಿ ಮುಲೆನ್‌ವೆಗ್ ಅವರ ಆಟೋಮ್ಯಾಟಿಕ್ ಕಂಪನಿ, ವಾರಕ್ಕೆ ಸುಮಾರು 4,000 ಗಂಟೆ ಇದ್ದ ತನ್ನ ಕೊಡುಗೆಯನ್ನು 45 ಗಂಟೆಯ ಆಸುಪಾಸಿಗೆ ಇಳಿಸುವುದಾಗಿ ಘೋಷಿಸಿತು. ಏಪ್ರಿಲ್‌ನಲ್ಲಿ ಬಂದ 6.8 ಆವೃತ್ತಿಯೇ ಆ ವರ್ಷದ ಕೊನೆಯ ದೊಡ್ಡ ಬಿಡುಗಡೆ ಅಂತ ಹೇಳಿಬಿಟ್ಟರು. ಮೇ ಕೊನೆಗೆ ಆಟೋಮ್ಯಾಟಿಕ್ ತನ್ನವರನ್ನು ವಾಪಸ್ ಕಳಿಸಿತು, 6.9 ಡಿಸೆಂಬರ್ 2ಕ್ಕೆ ಬಂತು. ಯಾರದ್ದು ಸರಿ ಯಾರದ್ದು ತಪ್ಪು ಅನ್ನುವುದು ಕೋರ್ಟಿನ ತಲೆನೋವು. ನನಗೆ ಇದರಲ್ಲಿ ಕಂಡದ್ದು, ಒಂದೇ ಕಂಪನಿಯ ಮೇಲೆ ಅಷ್ಟು ಭಾರ ಬಿದ್ದಿತ್ತು ಅನ್ನುವುದು. ನಾಲ್ಕು ನಾಲ್ಕು ಗಂಟೆ ಕೊಡುವ ಸಣ್ಣ ಕಂಪನಿಗಳು ನೂರಾರು ಇದ್ದಿದ್ದರೆ ಒಬ್ಬರು ಕೈ ತೆಗೆದಾಗ ವೇಳಾಪಟ್ಟಿ ಹೀಗೆ ಕುಂಟುತ್ತಿರಲಿಲ್ಲ.

ಯಾರನ್ನು ಕೂರಿಸಬೇಕು

ನಿಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ, ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿ ಬರೆಯುವವರನ್ನಂತೂ ಬೇಡ. ಮೊದಲ ಸಂಕಟ ಬಂದ ದಿನ ನೀವೇ ಅವರನ್ನು ಎಳೆದುಕೊಂಡು ಬರುತ್ತೀರಿ. ನಾವು ಆರಿಸಿದ್ದು ಟೆಸ್ಟಿಂಗ್ ನೋಡುವ ಗದಗಿನ ಹುಡುಗಿಯನ್ನು. ಆಕೆ ಬರೆಯುವ ಬಗ್ ಶೀಟಿನಲ್ಲಿ ಯಾವ ಫೋನು, ಯಾವ ಬ್ರೌಸರು, ಎಷ್ಟನೇ ಸಲ ಒತ್ತಿದಾಗ ಕೆಟ್ಟಿತು ಅನ್ನುವುದೆಲ್ಲ ಇರುತ್ತದೆ. ಓದಿ ಡೆವಲಪರುಗಳು ಬೇಸತ್ತುಕೊಳ್ಳುವಷ್ಟು. ಹೊರಗಿನ ಯೋಜನೆಗೆ ಬೇಕಾದದ್ದು ಇದೇ ಗುಣ. ಹೊಸ ಕೋಡ್ ಬರೆಯುತ್ತೇನೆ ಅನ್ನುವವರು ಅಲ್ಲಿ ಸಾಕಷ್ಟಿದ್ದಾರೆ. ಬೇರೆಯವರು ಬರೆದದ್ದನ್ನು ಕೂತು ಓಡಿಸಿ ನೋಡುವವರಿಗೆ ಬರ.

ಕೇಳಿ ಒಪ್ಪಿಸಿ. ಒಲ್ಲೆ ಅಂದವರನ್ನು ಕೂರಿಸಬೇಡಿ. ಬಹಳ ಹುಡುಗರು ಒಲ್ಲೆ ಅನ್ನುವುದಕ್ಕೆ ಕಾರಣ ಕೆಲಸ ಅಲ್ಲ, ಇಂಗ್ಲಿಷು. ಎಲ್ಲ ಮಾತುಕತೆಯೂ ಬರಹದಲ್ಲಿ, ಎಲ್ಲರ ಕಣ್ಣೆದುರು, ಇಂಗ್ಲಿಷಿನಲ್ಲೇ ನಡೆಯುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ “ಅಕ್ಕಾರ, ಏನರ ತಪ್ಪ ಬರದ್ರ ನಗತಾರಲ್ರಿ” ಎಂಬ ಅಂಜಿಕೆ ಇದ್ದೇ ಇರುತ್ತದೆ. ಮೊದಲ ಕೆಲವು ಟಿಪ್ಪಣಿಗಳನ್ನು ನೀವು ಪಕ್ಕದಲ್ಲಿ ಕೂತು ಜೊತೆಗೇ ಬರೆಯಿರಿ. ಚಿಕ್ಕ ಚಿಕ್ಕ ವಾಕ್ಯ ಸಾಕು. ಅಲ್ಲಿ ಓದುವವರಲ್ಲೂ ಜಪಾನಿನವರು, ಇಟಲಿಯವರು, ಬ್ರೆಜಿಲ್‌ನವರು ಇರುತ್ತಾರೆ, ಉದ್ದನೆಯ ಇಂಗ್ಲಿಷ್ ಅವರಿಗೂ ಬೇಡ.

ಸಮಯದ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳಿ. ತಂಡಗಳ ಮಾತುಕತೆ ಸ್ಲ್ಯಾಕ್ ಎಂಬ ಚಾಟ್ ಆ್ಯಪ್‌ನಲ್ಲಿ ನಡೆಯುತ್ತದೆ, ಹೊತ್ತು ಯುರೋಪ್-ಅಮೆರಿಕಕ್ಕೆ ಹೊಂದುವಂಥದ್ದು. ವರ್ಡ್‌ಪ್ರೆಸ್‌ನ ಮೂಲ ಕೋಡ್, ಅಂದರೆ ಕೋರ್, ನೋಡುವ ತಂಡದ ವಾರದ ಸಭೆ ಎಷ್ಟೋ ವರ್ಷ ನಮ್ಮ ಗಡಿಯಾರದಲ್ಲಿ ನಡುರಾತ್ರಿ ಒಂದೂವರೆಗೆ ಬರುತ್ತಿತ್ತು. ಅದಕ್ಕೆ ಎದ್ದು ಕೂರಬೇಕಾದ ಅಗತ್ಯ ಇಲ್ಲ. ನಡೆದದ್ದೆಲ್ಲ ಅಲ್ಲೇ ಬರಹದಲ್ಲಿ ಉಳಿದಿರುತ್ತದೆ, ಬೆಳಗ್ಗೆ ಓದಿ ಉತ್ತರ ಹಾಕಿದರೆ ನಡೆಯುತ್ತದೆ. ಯಾರಾದರೂ ಉಮೇದಿನಿಂದ ರಾತ್ರಿ ಕೂತರೆ ಆ ಗಂಟೆಯನ್ನೂ ಲೆಕ್ಕಕ್ಕೆ ಹಿಡಿದು ಮರುದಿನ ತಡವಾಗಿ ಬರಲು ಹೇಳಿ.

ಕಾಗದಪತ್ರ

ಇದು ಬೇಸರದ ಭಾಗ, ಆದರೆ ಬಿಡುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನಿನ ‘ಸಿ’ ಉಪಭಾಗದ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆಯರು ಮಾಲೀಕರು. ಬೇರೆ ಒಪ್ಪಂದ ಇದ್ದರೆ ಮಾತ್ರ ಅದು ಬದಲಾಗುತ್ತದೆ. ಕಾಯ್ದೆಯ ಕಣ್ಣಿನಲ್ಲಿ ತಂತ್ರಾಂಶವೂ ಸಾಹಿತ್ಯ ಕೃತಿಯೇ. ಅಂದರೆ ನಿಮ್ಮ ಹುಡುಗಿ ಕಚೇರಿ ಹೊತ್ತಿನಲ್ಲಿ ವರ್ಡ್‌ಪ್ರೆಸ್‌ಗೆ ಕಳಿಸಿದ ಹತ್ತು ಸಾಲಿನ ಪ್ಯಾಚ್ (ಕೋಡಿನ ತಿದ್ದುಪಡಿ) ಕಾಗದದ ಮೇಲೆ ಕಂಪನಿಯದ್ದು, ಅದನ್ನು ಜಿಪಿಎಲ್ ಅಡಿಯಲ್ಲಿ ಬಿಟ್ಟುಕೊಡುವ ಹಕ್ಕು ಆಕೆಗಿಲ್ಲ. ವರ್ಡ್‌ಪ್ರೆಸ್‌ನವರು ಇದಕ್ಕಾಗಿ ಬೇರೆ ಕರಾರು ಪತ್ರ ಬರೆಸಿಕೊಳ್ಳುವುದಿಲ್ಲ, ಆದ್ದರಿಂದ ಯಾರೂ ಕೇಳುವುದಿಲ್ಲ, ಆದ್ದರಿಂದಲೇ ಎಲ್ಲರೂ ಮರೆಯುತ್ತಾರೆ. ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಕೊಡಿ. ಯಾವ ಯೋಜನೆ, ವಾರಕ್ಕೆ ಎಷ್ಟು ಗಂಟೆ, ಆ ಕೆಲಸವನ್ನು ಯೋಜನೆಯ ಲೈಸೆನ್ಸ್ ಪ್ರಕಾರ ಆಕೆ ತನ್ನ ಹೆಸರಿನಲ್ಲೇ ಕೊಡಬಹುದು ಎಂಬ ಒಪ್ಪಿಗೆ, ಗಿರಾಕಿಗಳ ಗುಟ್ಟು ಹೊರಹಾಕಬಾರದು ಎಂಬ ಷರತ್ತು. ಇಷ್ಟಿದ್ದರೆ ಸಾಕು. ವಕೀಲರಿಗೆ ಒಮ್ಮೆ ತೋರಿಸಿಬಿಡಿ.

ಗಿರಾಕಿಯ ಜೊತೆಗಿನ ಕರಾರನ್ನೂ ತೆರೆದು ನೋಡಿ. “ಈ ಕೆಲಸದಲ್ಲಿ ಹುಟ್ಟಿದ ಕೋಡೆಲ್ಲ ನಮ್ಮದು” ಎಂಬ ಸಾಲು ಬಹಳ ಕರಾರುಗಳಲ್ಲಿ ಇರುತ್ತದೆ. ಅವರ ಸೈಟು ರಿಪೇರಿ ಮಾಡುವಾಗ ಕೋರ್‌ನ ದೋಷ ಸಿಕ್ಕಿ, ಅದಕ್ಕೆ ಅವರ ಬಿಲ್ಲಿನಲ್ಲೇ ಪ್ಯಾಚ್ ಬರೆದರೆ ಅದು ಯಾರದ್ದು? ಹೊಸ ಕರಾರುಗಳಲ್ಲಿ ನಾವೀಗ ಒಂದು ಸಾಲು ಸೇರಿಸುತ್ತೇವೆ: ಓಪನ್ ಸೋರ್ಸ್ ತಂತ್ರಾಂಶದಲ್ಲೇ ಇರುವ ದೋಷಕ್ಕೆ ಮಾಡಿದ ತಿದ್ದುಪಡಿಯನ್ನು ಮೂಲ ಯೋಜನೆಗೆ ಕಳಿಸಬಹುದು. ಒಪ್ಪಿಗೆ ಕೊಡದ ಗಿರಾಕಿ ಇನ್ನೂ ಸಿಕ್ಕಿಲ್ಲ, ಬಹುಶಃ ಯಾರೂ ಅಷ್ಟು ದೂರ ಓದುವುದಿಲ್ಲ.

ಅಕೌಂಟ್ಸ್‌ನವರು ಸಿಎಸ್‌ಆರ್‌ಗೆ, ಅಂದರೆ ಕಂಪನಿಯ ಸಾಮಾಜಿಕ ಹೊಣೆಯ ಖರ್ಚಿಗೆ, ಹಾಕಬಹುದಾ ಅಂತ ಕೇಳುತ್ತಾರೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅನ್ವಯಿಸುವುದು ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದವರಿಗೆ. ದಿನನಿತ್ಯದ ವ್ಯಾಪಾರದ ಭಾಗವಾಗಿ ಮಾಡಿದ್ದು ಅದರ ಲೆಕ್ಕಕ್ಕೆ ಬರುವುದೂ ಇಲ್ಲ. ಪಗಾರ ಪಗಾರವೇ. ಟೈಮ್‌ಶೀಟಿನಲ್ಲಿ ಮಾತ್ರ ಇದಕ್ಕೊಂದು ಬೇರೆ ಕೋಡ್ ಮಾಡಿ, ‘ಖಾಲಿ ಸಮಯ’ದ ಪಟ್ಟಿಗೆ ಸೇರಿಸಬೇಡಿ. ಖಾಲಿ ಅಂತ ಕಂಡದ್ದನ್ನು ಯಾರಾದರೂ ತುಂಬಲು ಬರುತ್ತಾರೆ.

ಮೊದಲ ಎರಡು ತಿಂಗಳು: ಬರೀ ಪರೀಕ್ಷೆ

ವರ್ಡ್‌ಪ್ರೆಸ್‌ನ ತಾಣದಲ್ಲಿ ಖಾತೆ ತೆರೆಯುವಾಗ ಆಕೆಯ ಸ್ವಂತ ಹೆಸರು, ಸ್ವಂತ ಇಮೇಲ್ ಇರಲಿ. ಕಂಪನಿಯ ಇಮೇಲ್ ಕೊಟ್ಟರೆ ನಾಳೆ ಆಕೆ ಬಿಟ್ಟು ಹೋದ ದಿನ ಪಾಸ್‌ವರ್ಡ್ ಕೂಡ ಸಿಗುವುದಿಲ್ಲ. ಆ ಪ್ರೊಫೈಲಿನಲ್ಲಿ ಸೇರುವ ಹೆಸರು ಆಕೆಯದ್ದು, ಕಂಪನಿಗೆ ಅದರಲ್ಲಿ ಪಾಲು ಕೇಳುವ ಹಕ್ಕಿಲ್ಲ.

ಕೋರ್‌ನ ದೂರುಗಳು ಟ್ರ್ಯಾಕ್ ಎಂಬ ಹಳೇ ಕಾಲದ ವ್ಯವಸ್ಥೆಯಲ್ಲಿ ಇವೆ. ಪುಟ ಬರೆಯುವ ಬ್ಲಾಕ್ ಎಡಿಟರಿನವು, ಅಂದರೆ ಗುಟೆನ್‌ಬರ್ಗಿನವು, ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಇವೆ. ಟ್ರ್ಯಾಕ್ ನೋಡಿ ಹೆದರಬೇಡಿ. ಪ್ರತಿ ಟಿಕೆಟ್‌ಗೂ, ಅಂದರೆ ದೂರಿಗೂ, ಸೂಚಕ ಪದಗಳಿರುತ್ತವೆ. ‘ಹ್ಯಾಸ್-ಪ್ಯಾಚ್’ ಜೊತೆಗೆ ‘ನೀಡ್ಸ್-ಟೆಸ್ಟಿಂಗ್’ ಇದ್ದರೆ, ಪರಿಹಾರ ಬರೆದಿಟ್ಟಿದೆ, ಓಡಿಸಿ ನೋಡುವವರಿಲ್ಲದೆ ಕಾಯುತ್ತಿದೆ ಅಂತ ಅರ್ಥ. ಅಂಥದ್ದನ್ನೇ ಹಿಡಿಯಿರಿ. ‘ಗುಡ್-ಫಸ್ಟ್-ಬಗ್’ ಅಂತ ಗುರುತಿಟ್ಟ ಸುಲಭದ ಟಿಕೆಟ್‌ಗಳ ಮೇಲೆ ಜಗತ್ತಿನ ಹೊಸಬರೆಲ್ಲ ಮುಗಿಬಿದ್ದಿರುತ್ತಾರೆ, ಅಲ್ಲಿ ಜಾಗ ಸಿಗುವುದು ಕಷ್ಟ.

ಪರೀಕ್ಷೆಗೆ ಮೊದಲ ದಿನವೇ ದೊಡ್ಡ ಸಿದ್ಧತೆ ಬೇಕಿಲ್ಲ. ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಅಂತ ಒಂದಿದೆ, ಬ್ರೌಸರಿನೊಳಗೇ ಪೂರ್ತಿ ವರ್ಡ್‌ಪ್ರೆಸ್ ಓಡುತ್ತದೆ, ಗಿಟ್‌ಹಬ್‌ಗೆ ಬಂದ ಬದಲಾವಣೆಯನ್ನು ನೇರವಾಗಿ ಅದರಲ್ಲಿ ತೆರೆದು ನೋಡಬಹುದು. ಒಂದು ಎಚ್ಚರ: ಅದರ ಒಳಗೆ ಇರುವುದು ಎಸ್‌ಕ್ಯುಎಲೈಟ್ ಡೇಟಾಬೇಸ್. ಗಿರಾಕಿಗಳ ಸರ್ವರಿನಲ್ಲಿ ಇರುವುದು ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ. ಡೇಟಾಬೇಸಿಗೆ ತಾಗುವ ದೋಷವನ್ನು ಪ್ಲೇಗ್ರೌಂಡಿನಲ್ಲಿ ನೋಡಿ ‘ಸರಿಯಾಗಿದೆ’ ಅನ್ನಬಾರದು. ಅದಕ್ಕೆ ಲ್ಯಾಪ್‌ಟಾಪಿನಲ್ಲಿ ಸರ್ವರಿನಂಥ ವಾತಾವರಣ ಕೊಡುವ ಡಾಕರ್ ಹಾಕಿ ವರ್ಡ್‌ಪ್ರೆಸ್‌ನ ಡೆವಲಪ್‌ಮೆಂಟ್ ಪ್ರತಿಯನ್ನೇ ಇಳಿಸಿಕೊಳ್ಳಬೇಕು.

ವರದಿ ಹೀಗಿರಲಿ. ವರ್ಡ್‌ಪ್ರೆಸ್ ಆವೃತ್ತಿ, ಪಿಎಚ್‌ಪಿ ಆವೃತ್ತಿ, ಡೇಟಾಬೇಸ್, ಬ್ರೌಸರ್, ಥೀಮ್, ಚಾಲೂ ಇರುವ, ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್‌ಗಳು, ಅದರ ಕೆಳಗೆ ಒಂದೊಂದೇ ಹೆಜ್ಜೆ. ಪ್ಯಾಚ್ ಹಾಕುವ ಮುನ್ನ ಏನಾಯಿತು, ಹಾಕಿದ ಮೇಲೆ ಏನಾಯಿತು, ಎರಡರದ್ದೂ ಸ್ಕ್ರೀನ್‌ಶಾಟ್. ‘ಪರೀಕ್ಷಿಸಿದೆ, ಸರಿ ಇದೆ’ ಅಂತ ಒಂದು ಸಾಲು ಹಾಕಿದರೆ ಅದರಿಂದ ಯಾರಿಗೂ ಉಪಯೋಗ ಇಲ್ಲ. ದೋಷ ನಮ್ಮ ಕಡೆ ಕಾಣಿಸಲೇ ಇಲ್ಲ ಅನ್ನುವುದೂ ಬೆಲೆಯುಳ್ಳ ವರದಿಯೇ, ಹೇಗೆ ನೋಡಿದೆವು ಅಂತ ಬರೆದಿದ್ದರೆ.

ನಮ್ಮವರಿಗೆ ಅಲ್ಲಿ ಒಂದು ದೊಡ್ಡ ಅನುಕೂಲ ಇದೆ: ಕನ್ನಡ. ಪರೀಕ್ಷೆಗೆ ಎಲ್ಲರೂ ‘ಹಲೋ ವರ್ಲ್ಡ್’ ಅಂತ ಹಾಕುತ್ತಾರೆ. ನೀವು ಕನ್ನಡದ ಶೀರ್ಷಿಕೆ ಹಾಕಿ. ಒತ್ತಕ್ಷರದ ನಡುವೆ ಕರ್ಸರ್ ಇಟ್ಟು ಅಳಿಸಿ ನೋಡಿ, ಹುಡುಕಾಟದಲ್ಲಿ ಕನ್ನಡ ಪದ ಕೊಡಿ, ಉದ್ದ ಪದ ಮೊಬೈಲಿನಲ್ಲಿ ಎಲ್ಲಿ ಮುರಿಯುತ್ತದೆ ನೋಡಿ. ಕಾಲೇಜಿನ ಸೈಟೊಂದಕ್ಕೆ ‘ಕರ್ನಾಟಕ ರಾಜ್ಯೋತ್ಸವ ಆಚರಣೆಗೆ ಸಿದ್ಧತೆ’ ಅಂತ ಪುಟ ಮಾಡಿದರೆ ವಿಳಾಸದಲ್ಲಿ ‘ಕರ್ನಾಟಕ-ರಾಜ್ಯೋತ್ಸವ-ಆಚರಣೆ’ ಅಷ್ಟೇ ಉಳಿಯುತ್ತದೆ, ‘ಗೆ ಸಿದ್ಧತೆ’ ಮಾಯ. ಯಾಕೆ ಅಂದರೆ ವಿಳಾಸದ ತುಣುಕಿಗೆ ಡೇಟಾಬೇಸಿನಲ್ಲಿ ಇರುವ ಜಾಗ 200 ಅಕ್ಷರದ್ದು. ಕನ್ನಡದ ಒಂದೊಂದು ಅಕ್ಷರ, ಕಾಗುಣಿತದ ಗುರುತು, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ (್) ಎಲ್ಲವೂ ಕಂಪ್ಯೂಟರು ಅಕ್ಷರ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ಹಿಡಿಯುತ್ತವೆ. ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಸೇರಿಸಿ ಮೂರು ಅಕ್ಷರವಾಗಿ ಬರೆಯುತ್ತಾರೆ. ಅಂದರೆ ಒಂದು ಗುರುತಿಗೆ ಒಂಬತ್ತು. ಮೇಲಿನ ಮೂರು ಪದಗಳಲ್ಲಿ 22 ಗುರುತುಗಳಿವೆ, 198 ಆಯಿತು, ನಡುವಿನ ಎರಡು ಅಡ್ಡಗೆರೆ ಸೇರಿ ಸರಿಯಾಗಿ 200. ಇಂಗ್ಲಿಷಿನವರಿಗೆ 200 ಅಕ್ಷರ ಧಾರಾಳ, ನಮಗೆ ಮೂರು ಪದಕ್ಕೆ ಮುಗಿಯುತ್ತದೆ. ಇದನ್ನು ನೋಡಿದ ತಕ್ಷಣ ಹೊಸ ಟಿಕೆಟ್ ಹಾಕಲು ಓಡಬೇಡಿ. ಇದು ಗೊತ್ತಿರುವ ಮಿತಿ, ಮೊದಲು ಹುಡುಕಿ. ಆದರೆ ವಿಳಾಸ ತಯಾರಿಸುವ ಭಾಗಕ್ಕೆ ಯಾವುದೇ ಹೊಸ ಪ್ಯಾಚ್ ಬಂದಾಗ ಹೀಗೆ ಎಣಿಸಿ ನೋಡಿ ಹೇಳುವವರು ಆ ಕೋಣೆಯಲ್ಲಿ ನೀವೊಬ್ಬರೇ ಇರಬಹುದು.

ಕನ್ನಡಕ್ಕೆ ಅನುವಾದ ಮಾಡುವುದೂ ಇದೇ ಗಂಟೆಯೊಳಗೆ ಬರಬಹುದು. ವರ್ಡ್‌ಪ್ರೆಸ್‌ನ ಅನುವಾದ ತಾಣದಲ್ಲಿ ಯಾರು ಬೇಕಾದರೂ ಸಲಹೆ ಹಾಕಬಹುದು, ಆ ಭಾಷೆಯ ಸಂಪಾದಕರು ಒಪ್ಪಿದ ಮೇಲೆ ಅದು ಸೇರುತ್ತದೆ. ಯಂತ್ರದಿಂದ ಸಾವಿರ ಸಾಲು ಅನುವಾದಿಸಿ ಒಟ್ಟಿಗೆ ಸುರಿಯುವ ಬುದ್ಧಿವಂತಿಕೆ ಮಾತ್ರ ಬೇಡ. ತಿದ್ದುವವರು ಬೆರಳೆಣಿಕೆಯಷ್ಟು ಜನ, ಅವರ ಒಂದು ತಿಂಗಳು ನಿಮ್ಮ ಒಂದು ಕ್ಲಿಕ್‌ಗೆ ಹೋಗುತ್ತದೆ.

ಗಿರಾಕಿಯ ಸೈಟಿನಲ್ಲಿ ಭದ್ರತೆಯ ತೂತು ಕಂಡರೆ ಟ್ರ್ಯಾಕ್‌ನಲ್ಲಿ ಹಾಕಲೇಬಾರದು. ಅದು ಎಲ್ಲರಿಗೂ ಕಾಣುವ ಜಾಗ. ಕೋರ್‌ನ ಭದ್ರತಾ ದೂರುಗಳನ್ನು ಹ್ಯಾಕರ್‌ವನ್ ಎಂಬ ತಾಣದ ಮೂಲಕ ಗುಟ್ಟಾಗಿ ತೆಗೆದುಕೊಳ್ಳುತ್ತಾರೆ.

ಎಣಿಸುವ ಚಟ

ಪ್ಯಾಚ್ ಒಳಗೆ ಸೇರಿದಾಗ ಅದರ ಟಿಪ್ಪಣಿಯಲ್ಲಿ ‘ಪ್ರಾಪ್ಸ್’ ಅಂತ ಹೆಸರುಗಳನ್ನು ಬರೆಯುತ್ತಾರೆ. ಪರೀಕ್ಷೆ ಮಾಡಿದವರ ಹೆಸರೂ ಬರುತ್ತದೆ. ಆ ಹೆಸರುಗಳೆಲ್ಲ ಆವೃತ್ತಿಯ ಜೊತೆ ಪ್ರತಿ ಸೈಟಿನ ಡ್ಯಾಶ್‌ಬೋರ್ಡಿನಲ್ಲೂ ಕೊಡುಗೆದಾರರ ಪುಟದಲ್ಲಿ ಇರುತ್ತವೆ. ಬೀಜದ ಅಂಗಡಿಯವರ ಡ್ಯಾಶ್‌ಬೋರ್ಡ್ ತೆರೆದು “ನೋಡ್ರಿ, ಇದು ನಮ್ಮ ಹುಡುಗಿ” ಅಂತ ನಮ್ಮ ಮಾಲೀಕರು ತೋರಿಸಿದರು, ಅವರಿಗೆ ಅರ್ಥ ಆಯಿತೋ ಇಲ್ಲವೋ, ಚಹಾ ತರಿಸಿದರು. ಖುಷಿಪಡಿ. ಆದರೆ ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ‘ವರ್ಷಕ್ಕೆ ಇಷ್ಟು ಪ್ರಾಪ್ಸ್’ ಅಂತ ಗುರಿ ಹಾಕಬೇಡಿ.

ಯಾಕೆ ಬೇಡ ಅನ್ನುವುದಕ್ಕೆ, ವರ್ಡ್‌ಪ್ರೆಸ್‌ನಂತೆಯೇ ಸೈಟು ನಡೆಸುವ ಇನ್ನೊಂದು ಮುಕ್ತ ತಂತ್ರಾಂಶ ಡ್ರೂಪಲ್ ನೋಡಿ. ಅಲ್ಲಿ 2015ರಿಂದ ಒಂದು ಅಚ್ಚುಕಟ್ಟಾದ ಪದ್ಧತಿ ಇದೆ. ಕೆಲಸ ಮಾಡಿದವರು ಅದನ್ನು ಸ್ವಂತ ಸಮಯದಲ್ಲಿ ಮಾಡಿದರೋ, ಕಂಪನಿಯ ಪರವಾಗಿಯೋ, ಯಾವ ಗಿರಾಕಿಗಾಗಿಯೋ ಅಂತ ಗುರುತು ಹಾಕುತ್ತಾರೆ. ಆ ಕ್ರೆಡಿಟ್‌ಗಳ ಆಧಾರದ ಮೇಲೆ ಡ್ರೂಪಲ್‌ನ ತಾಣದಲ್ಲಿ ಕಂಪನಿಗಳ ಪಟ್ಟಿ ಮೇಲೆ-ಕೆಳಗೆ ಆಗುತ್ತದೆ. ಸ್ಪಾನ್ಸರ್ ಮಾಡಿದ ಕಂಪನಿಗೆ ಇಷ್ಟು ನೇರವಾಗಿ ಪ್ರತಿಫಲ ಸಿಗುವುದು ಬೇರೆಲ್ಲೂ ಕಷ್ಟ, ನನಗೆ ಆ ಪದ್ಧತಿ ಇಷ್ಟವೂ ಹೌದು. ಜೊತೆಗೆ ಬಂದದ್ದು ಕ್ರೆಡಿಟ್ ಬೇಟೆ. ಒಂದು ಸಾಲಿನ ಜಾಗ ಸರಿಪಡಿಸಿ ಒಂದು ಪ್ಯಾಚ್, ಆಗಲೇ ಒಬ್ಬರು ಹಾಕಿದ ಸ್ಕ್ರೀನ್‌ಶಾಟನ್ನೇ ಮತ್ತೊಬ್ಬರು ಹಾಕುವುದು, ಬದಲಾಗಬೇಕಿಲ್ಲದ ಪ್ಯಾಚನ್ನು ಸುಮ್ಮನೆ ಮತ್ತೆ ಏರಿಸುವುದು. ಕೊನೆಗೆ ಇಂಥವಕ್ಕೆ ಕ್ರೆಡಿಟ್ ಇಲ್ಲ ಅಂತ ನಿಯಮವನ್ನೇ ಬರೆಯಬೇಕಾಯಿತು. ನಿಯಮ ಬರೆಯುವ ಮಟ್ಟಕ್ಕೆ ಹೋಗಬೇಕಾದರೆ ಅದರ ಹಿಂದೆ ಕೋಡ್ ನೋಡಿಕೊಳ್ಳುವ ಎಷ್ಟು ಜನ ಮೇಂಟೇನರುಗಳ ಸಂಜೆ ಹಾಳಾಗಿರಬೇಕು ಯೋಚಿಸಿ. ಗುರಿ ಹಾಕುವ ಮ್ಯಾನೇಜರು ಎಲ್ಲೋ ಕೂತಿರುತ್ತಾರೆ, ಬೈಗುಳ ತಿನ್ನುವವರು ಹೊಸ ಹುಡುಗರು.

ಹಾಗಾದರೆ ಲೆಕ್ಕ ಹೇಗೆ ಇಡುವುದು? ತಿಂಗಳಿಗೊಮ್ಮೆ ಅರ್ಧ ಪುಟ ಬರೆಯಲು ಹೇಳಿ, ಕನ್ನಡದಲ್ಲೇ. ಯಾವ ಟಿಕೆಟ್ ಹಿಡಿದೆ, ಅದು ಮುಂದೆ ಹೋಯಿತಾ, ಎಲ್ಲಿ ಸಿಕ್ಕಿಕೊಂಡಿತು, ಏನು ಕಲಿತೆ. ಮಧ್ಯಾಹ್ನದ ಊಟಕ್ಕೆ ಕೂತಾಗ ಅದನ್ನು ಎಲ್ಲರಿಗೂ ಓದಿ ಹೇಳಿ. ಟಿಕೆಟ್ ಎಷ್ಟೋ ತಿಂಗಳು ಅಲ್ಲಾಡದೇ ಇರಬಹುದು, ಅದು ಆಕೆಯ ಕೈಯಲ್ಲಿಲ್ಲ. ಕೋಡನ್ನು ಒಳಗೆ ಸೇರಿಸುವ ಅಧಿಕಾರ ಇರುವುದು ಕೆಲವೇ ಕಮಿಟರುಗಳಿಗೆ, ಅವರ ಸಾಲು ಉದ್ದ ಇದೆ.

ಇನ್ನೊಂದು: ನಿಮ್ಮದೇ ಪ್ಲಗಿನ್‌ಗೆ ಅನುಕೂಲ ಆಗುವ ಬದಲಾವಣೆಯನ್ನು ಆಕೆಯ ಕೈಯಿಂದ ಮಾಡಿಸಲು ಹೋಗಬೇಡಿ. ಆ ನಾಲ್ಕು ಗಂಟೆ ಆಕೆಗೆ ಕೆಲಸ ಹೇಳುವವರು ವರ್ಡ್‌ಪ್ರೆಸ್‌ನ ಆ ತಂಡದವರು, ನಾವಲ್ಲ. ನಿಮಗೆ ನಿಜವಾಗಿ ತೊಂದರೆ ಕೊಡುವ ದೋಷ ಇದ್ದರೆ ಯಾವ ಕಂಪನಿಯವರು ಅಂತ ಸ್ಪಷ್ಟವಾಗಿ ಹೇಳಿ, ಟಿಕೆಟ್ ಹಾಕಿ, ಉಳಿದವರಂತೆ ಕಾಯಿರಿ.

ಹೆಸರು ಬರೆಸುವುದು

ಕಂಪನಿಯ ಹೆಸರನ್ನು ಫೈವ್ ಫಾರ್ ದ ಫ್ಯೂಚರ್ ಪಟ್ಟಿಯಲ್ಲಿ ಬರೆಸುವುದನ್ನು ನಾನು ಬೇಕಂತಲೇ ಇಷ್ಟು ಕೆಳಗೆ ಇಟ್ಟಿದ್ದೇನೆ. ಬಹಳ ಕಂಪನಿಗಳು ಇಲ್ಲಿಂದ ಶುರುಮಾಡಿ ಇಲ್ಲೇ ಮುಗಿಸುತ್ತವೆ. ಎರಡು ಮೂರು ತಿಂಗಳು ಗಂಟೆ ನಿಜವಾಗಿ ನಡೆದ ಮೇಲೆ ಬರೆಸಿ. ಕಂಪನಿಯ ಹೆಸರು, ತಾಣ, ಲೋಗೋ, ನಾಲ್ಕು ಸಾಲಿನ ಪರಿಚಯ, ಕೊಡುಗೆದಾರರ ವರ್ಡ್‌ಪ್ರೆಸ್ ಖಾತೆಯ ಹೆಸರು ಕೇಳುತ್ತಾರೆ. ಆಕೆ ತಾನೇ ಒಪ್ಪಿಗೆ ಕೊಡಬೇಕು. ವಾರಕ್ಕೆಷ್ಟು ಗಂಟೆ, ಯಾವ ತಂಡ ಅನ್ನುವುದನ್ನು ತನ್ನ ಪ್ರೊಫೈಲಿನಲ್ಲಿ ಆಕೆಯೇ ಬರೆಯಬೇಕು. ಅಲ್ಲಿ ನಾಲ್ಕನ್ನು ಎಂಟು ಮಾಡಲು ಒತ್ತಾಯಿಸಬೇಡಿ. ಪ್ರೊಫೈಲಿನಲ್ಲೇ ಆಕೆಯ ಚಟುವಟಿಕೆಯೂ ಕಾಣುತ್ತದೆ.

ಜನ ಇಲ್ಲ, ದುಡ್ಡಿದೆ ಅನ್ನುವವರಿಗೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಪಿಎಚ್‌ಪಿ ಭಾಷೆಯ ಒಳಗಿನ ಕೆಲಸಕ್ಕೆ ಡೆವಲಪರುಗಳನ್ನು ಇಟ್ಟುಕೊಳ್ಳುವ ಪಿಎಚ್‌ಪಿ ಫೌಂಡೇಶನ್ 2021ರಿಂದ ಇದೆ. ವರ್ಡ್‌ಪ್ರೆಸ್‌ನ ಬಿಡಿ ಕೊಡುಗೆದಾರರಿಗೆ ಹಣ ಒಟ್ಟುಮಾಡುವ ಡಬ್ಲ್ಯುಪಿ ಕಮ್ಯುನಿಟಿ ಕಲೆಕ್ಟಿವ್ ಇದೆ. ನಮ್ಮ ಬೆಂಗಳೂರಿನ ಝೀರೋಧಾ 2024ರಲ್ಲಿ ಫ್ಲಾಸ್ ಫಂಡ್ ಶುರುಮಾಡಿ, ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಹೇಳಿತು. ಒಂದು ಯೋಜನೆಗೆ 10,000ದಿಂದ 1,00,000 ಡಾಲರ್‌ವರೆಗೆ. ಅದು ಆನೆಯ ಲೆಕ್ಕ, ಬಿಡಿ. ಸಣ್ಣ ಕಂಪನಿಗೆ ದುಡ್ಡಿನಲ್ಲಿ ನನ್ನ ಮೊದಲ ಆಯ್ಕೆ ಪ್ರಯಾಣದ ಖರ್ಚು. ವರ್ಡ್‌ಕ್ಯಾಂಪ್ ಏಷ್ಯಾ (ವರ್ಡ್‌ಪ್ರೆಸ್ ಮಂದಿಯ ಸಮಾವೇಶ) 2023ರಲ್ಲಿ ಬ್ಯಾಂಕಾಕ್, 2024ರಲ್ಲಿ ತೈಪೆ, 2025ರಲ್ಲಿ ಮನಿಲಾದಲ್ಲಿ ಆಯಿತು, 2026ಕ್ಕೆ ಆರಿಸಿದ್ದು ಮುಂಬೈ. ಹುಬ್ಬಳ್ಳಿಯಿಂದ ರಾತ್ರಿ ಸ್ಲೀಪರ್ ಬಸ್ಸಿನ ದೂರ. ಕಳಿಸಿದರೆ ಕಂಟ್ರಿಬ್ಯೂಟರ್ ಡೇ ತಪ್ಪಿಸದಂತೆ ಕಳಿಸಿ. ಆರು ತಿಂಗಳು ಸ್ಲ್ಯಾಕ್‌ನಲ್ಲಿ ಬರೀ ಹೆಸರಾಗಿದ್ದವರ ಪಕ್ಕ ಒಂದು ದಿನ ಕೂತು ಕೆಲಸ ಮಾಡಿದ ಮೇಲೆ ಆ ಟಿಕೆಟ್‌ಗಳ ಉತ್ತರ ಬರುವ ವೇಗವೇ ಬೇರೆ.

ಆಕೆ ಬಿಟ್ಟು ಹೋದಾಗ

ಹೋಗುತ್ತಾರೆ. ಪ್ರೊಫೈಲಿನಲ್ಲಿ ಕೆಲಸ ಎಲ್ಲರಿಗೂ ಕಾಣುವುದರಿಂದ ಬೆಂಗಳೂರಿನ ಕಂಪನಿಗಳು ಕರೆಯುತ್ತವೆ, ಮನೆಯಿಂದಲೇ ಕೆಲಸ ಕೊಡುವ ಹೊರದೇಶದವರೂ ಕರೆಯುತ್ತಾರೆ. ಇದೇ ಹೆದರಿಕೆಗೆ ಬಹಳ ಮಾಲೀಕರು ಈ ಗೊಡವೆಗೇ ಹೋಗುವುದಿಲ್ಲ. ಮಾರುಕಟ್ಟೆಯ ಪಗಾರ ಕೊಡದೇ ಹೆಸರನ್ನು ಬಚ್ಚಿಟ್ಟು ಎಷ್ಟು ದಿನ ಉಳಿಸಿಕೊಳ್ಳುತ್ತೀರಿ ಅಂತ ನಾನು ಕೇಳುತ್ತೇನೆ, ಉತ್ತರ ಬರುವುದಿಲ್ಲ.

ಹೋಗುವವರ ನೋಟಿಸ್ ಅವಧಿಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಕೈಯಲ್ಲಿರುವ ಟಿಕೆಟ್‌ಗಳಲ್ಲಿ ಎಲ್ಲಿಯವರೆಗೆ ಬಂದಿದೆ ಅಂತ ಒಂದೊಂದು ಟಿಪ್ಪಣಿ ಹಾಕಿಸಿ, ತಂಡದವರಿಗೆ ತಿಳಿಸಲಿ. ಪಟ್ಟಿಯಲ್ಲಿ ಕಂಪನಿಯ ಪುಟದಿಂದ ಆಕೆಯ ಹೆಸರು ತೆಗೆಸಿ, ಆಕೆ ತನ್ನ ಪ್ರೊಫೈಲಿನಲ್ಲಿ ಗಂಟೆ ಬದಲಿಸಿಕೊಳ್ಳಲಿ. ಮುಂದಿನವರು ಸಿಗುವತನಕ ಪುಟದಲ್ಲಿ ಸೊನ್ನೆ ಇದ್ದರೂ ಇರಲಿ, ಹಳೇ ಹೆಸರು ಇಟ್ಟುಕೊಂಡು ಗಂಟೆ ತೋರಿಸಬೇಡಿ. ಕೊನೆಯ ಕೆಲವು ಮಂಗಳವಾರಗಳಲ್ಲಿ ಮುಂದಿನವರನ್ನು ಆಕೆಯ ಪಕ್ಕ ಕೂರಿಸಿ. ಪತ್ರ, ಟೈಮ್‌ಶೀಟ್ ಕೋಡ್, ಕ್ಯಾಲೆಂಡರಿನ ಬ್ಲಾಕ್ ಮೂರನ್ನೂ ಅದೇ ವಾರ ಅವರ ಹೆಸರಿಗೆ ಬದಲಿಸಿಬಿಡಿ.